ನನಗಿಂತ ಮೊದಲು ಹೊರಟ ಬಟ್ಟೆಗಂಟು

ಹೊಟ್ಟೆ ಕೊಯ್ಯುವುದು ಡಾಕ್ಟರೊಬ್ಬರ ಕೆಲಸ. ಯಾವಾಗ ಕೊಯ್ಯಬೇಕೆಂದು ನಿಶ್ಚಯಿಸುವುದು ಮಾತ್ರ ಇಡೀ ಮನೆತನದ ಕೆಲಸ. ಇದು ನನಗೆ ತಿಳಿದದ್ದು ನಲವತ್ತರ ದಶಕದಲ್ಲಿ, ಮಾಲೂರಿನಲ್ಲಿ ಮೇಷ್ಟ್ರಾಗಿದ್ದ ನಾನು ಹರ್ನಿಯಾ ಎಂದು ಕೋಲಾರದ ಆಸ್ಪತ್ರೆ ಸೇರಿದಾಗ. ಹೆಂಡತಿ ತಾಯಲೂರಿನ ತವರಿನಲ್ಲಿ ಹೆತ್ತಿದ್ದಳು. ಮಗಳ ಮುಖವನ್ನು ನಾನಿನ್ನೂ ಕಂಡಿರಲಿಲ್ಲ. "ಸೋಮವಾರ ಬೆಳಿಗ್ಗೆ ಮುಗಿಸಿಬಿಡೋಣ, ನಾಮಕರಣಕ್ಕೆ ಆರಾಮಾಗಿ ಹೋಗ್ತೀರಿ" ಎಂದರು ಡಾಕ್ಟರು. ಅಮ್ಮ ಒಪ್ಪಬೇಕಲ್ಲ! "ಸೋಮವಾರ ಬೆಳಿಗ್ಗೆ ರಾಹುಕಾಲ ಕಣೋ! ಡಾಕ್ಟ್ರ ಜೊತೆ ರಾಹೂನೂ ಕೈ ಹಾಕ್ತಾನೆ" ಎಂದಳು.

ಗುರುವಾರದವರೆಗೆ ಮಂಚದ ಮೇಲೆ ಕೂತು ಬಸ್ಸಾರು ಮುದ್ದೆ ಉಂಡೆ. ಆಪರೇಷನ್ನೇನೋ ಒಳ್ಳೆಯ ಗಳಿಗೆಯಲ್ಲೇ ಆಯಿತು. ಆದರೆ ಶುರು ತಡವಾದದ್ದರಿಂದ ಬಿಡುಗಡೆಯೂ ತಡವಾಗಿ, ಡಾಕ್ಟರು ಮನೆಗೆ ಕಳಿಸುವ ದಿನ ಮಂಗಳವಾರಕ್ಕೆ ಬಂತು. ನಾಮಕರಣ ಬುಧವಾರ ಬೆಳಿಗ್ಗೆ. "ಮಂಗಳವಾರ ಯಾರಾದ್ರೂ ಆಸ್ಪತ್ರೆಯಿಂದ ಹೊರಡ್ತಾರೇನೋ? ಮತ್ತೆ ಇಲ್ಲಿಗೇ ಬರಬೇಕಾಗ್ತದೆ" ಎಂದಳು ಅಮ್ಮ. ನನಗೆ ರೇಗಿತು. "ಹಾಗಾದ್ರೆ ನನ್ನ ಮಗಳಿಗೆ ಅಪ್ಪ ಇಲ್ಲದೇನೇ ಹೆಸರಿಡಿ" ಎಂದು ಗೋಡೆ ಕಡೆ ತಿರುಗಿದೆ.

ಆಗ ಅಮ್ಮನಿಗೆ ಹಳೆಯ ಪದ್ಧತಿಯೊಂದು ನೆನಪಾಯಿತು. ಕೆಟ್ಟ ದಿನ ಹೊರಡಲೇಬೇಕಾದರೆ, ಹೊರಡುವವನ ಒಂದು ವಸ್ತುವನ್ನು ಹಿಂದಿನ ದಿನವೇ ಬೇರೆಯವರ ಮನೆಯಲ್ಲಿಟ್ಟರಾಯಿತು. ವಸ್ತು ಹೊರಟರೆ ಮನುಷ್ಯ ಹೊರಟಂತೆಯೇ. ಒಂದು ಕೊಡೆ ಸಾಕಿತ್ತು. ಅಮ್ಮ ಧಾರಾಳಿ, ಸೋಮವಾರವೇ ನನ್ನ ಬಟ್ಟೆಗಂಟನ್ನೆಲ್ಲ ಒಯ್ದು ಎದುರಿನ ಅಂಗಡಿಯ ಚೌಡಪ್ಪನಿಗೆ ಒಪ್ಪಿಸಿದಳು.

ಮಂಗಳವಾರ ಅಂಗಡಿಗೆ ಬೀಗ. ಚೌಡಪ್ಪ ಮಾವಿನಕಾಯಿ ತರಲು ಶ್ರೀನಿವಾಸಪುರಕ್ಕೆ ಹೋಗಿದ್ದ. ನನ್ನ ಮೈಮೇಲಿದ್ದುದು ಆಸ್ಪತ್ರೆಯ ಪಟ್ಟೆ ಪೈಜಾಮ ಒಂದೇ. "ಹಾಕ್ಕೊಂಡೇ ಹೋಗಿ ಮೇಷ್ಟ್ರೇ, ಆಮೇಲೆ ವಾಪಸ್ ಕಳಿಸಿ" ಎಂದು ನರ್ಸಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಪೆಟ್ರೋಲ್ ಸಿಗದ ಆ ಯುದ್ಧಕಾಲದಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ಅದಕ್ಕೆ ಮಸಿಯೂ ಸೇರಿತು. ತಾಯಲೂರಿನ ಬಾಗಿಲಲ್ಲಿ ನನ್ನನ್ನು ಕಂಡ ಅತ್ತೆ "ಅಯ್ಯೋ ದೇವುಡಾ! ಜೈಲಿಂದ ಬಂದ್ರಾ ಅಳಿಯಂದ್ರೇ?" ಎಂದರು. ಮಗಳು ಮಾತ್ರ ಅಳಲಿಲ್ಲ. ಆ ಪಟ್ಟೆಗಳನ್ನೇ ಕಣ್ಣರಳಿಸಿ ನೋಡಿದಳು. ಅವಳನ್ನೆತ್ತಿಕೊಂಡಾಗ ಅಮ್ಮನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಅಮ್ಮ ಈಗಿಲ್ಲ. ನನಗಾಗಿ ರಾಹುವಿನೊಡನೆ ಜಗಳಕ್ಕೆ ನಿಲ್ಲುವವರೂ ಇಲ್ಲ.

ಮೊನ್ನೆ ನನಗೆ ಕಣ್ಣಿನ ಆಪರೇಷನ್. ಬೆಳಿಗ್ಗೆ ಮಾಡಿ ಸಂಜೆಗೇ ಮನೆಗೆ ಕಳಿಸುತ್ತಾರಂತೆ! ಆಸ್ಪತ್ರೆಗೆ ಕರೆದೊಯ್ಯಲು ಬಂದ ಅದೇ ಮಗಳು, "ಅಪ್ಪಾ, ಇವತ್ತು ಮಂಗಳವಾರ, ಪರವಾಗಿಲ್ವಾ?" ಎಂದು ಛೇಡಿಸಿದಳು. "ಅದೆಲ್ಲ ನಿಮ್ಮಜ್ಜಿ ಕಾಲಕ್ಕೆ" ಎಂದು ಗತ್ತಿನಿಂದ ಕಾರು ಹತ್ತಿದೆ. ನನ್ನ ಕೊಡೆ ಸೋಮವಾರವೇ ಪಕ್ಕದ ಮನೆ ಸೇರಿತ್ತು. ಪಂಚೆಯನ್ನು ಮಾತ್ರ ಉಟ್ಟುಕೊಂಡೇ ಇದ್ದೆ.