ಇನ್ನೂರ ಹನ್ನೆರಡು ನವಿಲು ಹೊತ್ತು ನಿಂತ ತಂತ್ರಾಂಶಕ್ಕೆ

ಫೋಟೋ ತಿದ್ದುವ ಮಾನ್ಯ ತಂತ್ರಾಂಶದವರೇ,

ಮೊಳಕಾಲ್ಮೂರಿನಲ್ಲಿ ದಿನಪತ್ರಿಕೆ ಹಂಚುವ ಸೂರಪ್ಪನ ನಮಸ್ಕಾರಗಳನ್ನು ಸ್ವೀಕರಿಸಬೇಕು. ಯಾವುದನ್ನೇ ಆಗಲಿ ಸ್ವೀಕರಿಸಲು ತಾವು ತೆಗೆದುಕೊಳ್ಳುವ ಕಾಲದ ಅರಿವು ನನಗಿರುವುದರಿಂದ ಇದರೊಂದಿಗೇ ದಸರೆಯ, ದೀಪಾವಳಿಯ ಹಾಗೂ ಯುಗಾದಿಯ ಶುಭಾಶಯಗಳನ್ನೂ ಲಗತ್ತಿಸಿದ್ದೇನೆ. ಪತ್ರ ತೆರೆದುಕೊಂಡಾಗ ಯಾವ ಹಬ್ಬ ಹತ್ತಿರವಿರುತ್ತದೋ ಅದನ್ನು ಇಟ್ಟುಕೊಂಡು ಉಳಿದವನ್ನು ದಯಮಾಡಿ ಹಿಂದಿರುಗಿಸಬೇಕು.

ತಮ್ಮ ಮೇಲೆ ನನಗೆ ಕೋಪವಿಲ್ಲ, ಅಳತೆಗಳಿವೆ. ಕಳೆದ ತಿಂಗಳು ನಮ್ಮ ಮನೆಯ ಕಂಪ್ಯೂಟರಿನಲ್ಲಿ ತಾವು ಕಣ್ಣು ಬಿಡಲು ನಾಲ್ಕು ನಿಮಿಷ ಹತ್ತು ಸೆಕೆಂಡು, ಒಂದು ಚಿತ್ರವನ್ನು ತೆರೆಯಲು ಹದಿನಾಲ್ಕು ನಿಮಿಷ, ಅದೇ ಚಿತ್ರವನ್ನು ಉಳಿಸಲು ಇಪ್ಪತ್ಮೂರು ನಿಮಿಷ ತೆಗೆದುಕೊಂಡಿರಿ. ತಾವು ಒಮ್ಮೆ ಉಳಿಸುವಷ್ಟರಲ್ಲಿ ನನ್ನ ಪತ್ನಿ ಚೌಡೇಶ್ವರಿ ಸೊಪ್ಪಿನ ಸಾರು ಮಾಡಿ, ಮುದ್ದೆ ಕಟ್ಟಿ, ತಟ್ಟೆ ಮುಂದಿಟ್ಟು, 'ಎಷ್ಟಕ್ಕೆ ಬಂತು?' ಎಂದು ಕೇಳಿದರೆ, ನಾನು 'ನಲವತ್ತು ಪರ್ಸೆಂಟ್' ಎಂದು ಉತ್ತರಿಸಿ, ಉಂಡು ಕೈ ತೊಳೆದು ಬಂದು ನೋಡಿದಾಗ ತಾವು ಮೂವತ್ತೆಂಟರಲ್ಲಿದ್ದಿರಿ. ಮುಂದಕ್ಕೆ ಹೋಗಲು ತಡವಾಗುವುದು ಎಲ್ಲ ಕಚೇರಿಗಳಲ್ಲೂ ಉಂಟು. ಹಿಂದಕ್ಕೆ ಹೋಗಿ ತೋರಿಸಿದವರು ತಾವೊಬ್ಬರೇ, ಇದಕ್ಕಾಗಿ ಅಭಿನಂದನೆಗಳು.

ಅವಸರ ಯಾಕಿತ್ತು ಎಂಬುದನ್ನು ತಿಳಿಸುವುದು ನನ್ನ ಕರ್ತವ್ಯ. ನನ್ನ ತಾಯಿ ದ್ಯಾಮಮ್ಮನವರು ಐವತ್ತಾರು ವರ್ಷಗಳಿಂದ ರೇಷ್ಮೆ ಸೀರೆ ನೇಯುತ್ತಿದ್ದಾರೆ. ಆ ಸೀರೆಗಳಲ್ಲಿ ಕೆಲವು ಅಂಗಡಿಯ ಹೆಸರಿನಲ್ಲಿ, ಕೆಲವು ಊರಿನ ಹೆಸರಿನಲ್ಲಿ, ಒಂದೆರಡು ಬೇರೆ ಊರಿನ ಹೆಸರಿನಲ್ಲೂ ಮಾರಾಟವಾಗಿವೆ. ಅವರ ಹೆಸರಿನಲ್ಲಿ ಮಾತ್ರ ಒಂದೂ ಇಲ್ಲ. ಈ ವರ್ಷ ಕೈಮಗ್ಗದ ಪ್ರದರ್ಶನವೊಂದರವರು ನಲವತ್ತು ಸೀರೆಗಳ ಪುಸ್ತಕ ತರುವುದಾಗಿಯೂ, ಪ್ರತಿ ಚಿತ್ರದ ಕೆಳಗೆ ನೇಯ್ದವರ ಹೆಸರನ್ನು ಅಚ್ಚು ಹಾಕುವುದಾಗಿಯೂ ಪ್ರಕಟಿಸಿದರು. ಸೆರಗಿನ ತುದಿಯಿಂದ ಒಳತುದಿಯವರೆಗೆ ಇಡೀ ಸೀರೆ ಕಾಣುವ ಒಂದೇ ಚಿತ್ರ ಬೇಕು, ಶುಕ್ರವಾರ ಸಂಜೆ ಐದರೊಳಗೆ ತಲುಪಬೇಕು ಎಂಬುದು ಷರತ್ತು. ಸುದ್ದಿಯನ್ನು ಓದಿ ಹೇಳಿದಾಗ ತಾಯಿ ಲಾಳಿ ನಿಲ್ಲಿಸಿ, 'ಹೆಸರು ಹಾಕ್ತಾರಾ? ಅಂಗಡಿಯೋರದ್ದಾ, ನಂದಾ?' ಎಂದು ಕೇಳಿದರು. 'ನಿಂದೇ ಅವ್ವ' ಎಂದೆ. ಅವರು ಮತ್ತೆ ನೇಯಲು ತೊಡಗಿದರು, ಆದರೆ ಆ ದಿನದಿಂದ ನನ್ನನ್ನು ಎರಡು ಹೊತ್ತು ಕೇಳಿದ ಪ್ರಶ್ನೆ ಒಂದೇ: ಫೋಟೋ ಆಯಿತಾ?

ಐದೂವರೆ ಮೀಟರ್ ಸೀರೆಯನ್ನು ಮಹಡಿಯ ಮೇಲೆ ಹಾಸಿ ಹನ್ನೊಂದು ತುಂಡುಗಳಾಗಿ ಫೋಟೋ ತೆಗೆದು, ತಮ್ಮಲ್ಲಿ ಜೋಡಿಸಿದೆ. ನಡುವೆ ಮೋಡ ಬಂದದ್ದರಿಂದ ನವಿಲುಗಳು ಅರ್ಧ ನೀಲಿ, ಅರ್ಧ ಬೂದಿಯಾಗಿದ್ದವು. ಒಡಲಲ್ಲಿ ಒಟ್ಟು ಇನ್ನೂರ ಹನ್ನೆರಡು ನವಿಲು ಬುಟ್ಟಾಗಳಿದ್ದು, ಒಂದೊಂದಕ್ಕೂ ಲೇಯರ್ ಎಂಬ ಒಂದೊಂದು ಬೇರೆ ಪದರ ಮಾಡಿಕೊಂಡು ಬಣ್ಣ ತಿದ್ದಿದೆ. ಇದೆಂಥ ಪದ್ಧತಿ ಎಂದು ತಾವು ಕೇಳಬಹುದು. ಮಗ್ಗದಲ್ಲಿ ಒಂದೊಂದು ಬುಟ್ಟಾಕ್ಕೂ ಅದರದ್ದೇ ದಾರದ ಸಣ್ಣ ಸುರುಳಿ ಇರುತ್ತದೆ, ಒಂದರ ದಾರ ಇನ್ನೊಂದಕ್ಕೆ ಸೇರಕೂಡದು. ಹಾಗೆ ಬೆಳೆದವನಿಗೆ ಎರಡು ನವಿಲನ್ನು ಒಂದೇ ಪದರಕ್ಕೆ ಹಾಕಲು ಕೈ ಬರುವುದಿಲ್ಲ. ಹಾಗೆಯೇ, ಮಾಡಿದ್ದನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ಬಿಚ್ಚುವ ಸೌಲಭ್ಯ ತಮ್ಮಲ್ಲಿರುವುದನ್ನು ಕಂಡು ಸಂತೋಷಪಟ್ಟು, ಎಷ್ಟು ಹೆಜ್ಜೆ ನೆನಪಿಡಬೇಕು ಎಂದು ತಾವು ಕೇಳಿದ ಕಡೆ ಸಾವಿರ ಎಂದು ತುಂಬಿದೆ. ನೇಕಾರನು ತಪ್ಪನ್ನು ಕತ್ತರಿಸುವುದಿಲ್ಲ, ಎಳೆ ಎಳೆಯಾಗಿ ಬಿಚ್ಚುತ್ತಾನೆ. ಆ ಸಾವಿರ ಹೆಜ್ಜೆಗಳನ್ನೂ ಇನ್ನೂರ ಹನ್ನೆರಡು ನವಿಲುಗಳನ್ನೂ ತಲೆಯ ಮೇಲೆ ಹೊತ್ತು ತಾವು ನಿಂತಿದ್ದಿರಿ ಎಂಬುದು ನನಗೆ ಆಮೇಲೆ ತಿಳಿಯಿತು. ಅಲ್ಲಿಯವರೆಗೆ ತಾವು ಸೋಮಾರಿಗಳೆಂದೇ ನಂಬಿದ್ದೆ. ಆ ಮಾತನ್ನು ಭಾಗಶಃ ಹಿಂತೆಗೆದುಕೊಳ್ಳುತ್ತೇನೆ.

ಚಿತ್ರವನ್ನು ಚಿಕ್ಕದು ಮಾಡಿದರೆ ತಾವು ಚುರುಕಾಗುತ್ತೀರಿ ಎಂದು ಎಲ್ಲೋ ಓದಿ ಹಾಗೂ ಮಾಡಿದ್ದೆ. ನಮ್ಮ ಸೀರೆಯಲ್ಲಿ ಒಡಲಿನ ದಾರವೂ ಅಂಚಿನ ದಾರವೂ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಕೂಡುವ ಜಾಗಕ್ಕೆ ಕುಟ್ಟು ಎನ್ನುತ್ತಾರೆ. ಕೈಯಿಂದ ನೇಯ್ದದ್ದು ಎಂಬುದಕ್ಕೆ ಅದೇ ಸಾಕ್ಷಿ. ಚಿಕ್ಕ ಚಿತ್ರದಲ್ಲಿ ಅದು ಗೆರೆ ಎಳೆದಂತಾಯಿತು. ತಾಯಿ ಕನ್ನಡಕ ಏರಿಸಿ ನೋಡಿ, 'ಇದು ಮಿಷಿನ್ ಸೀರೆ. ಇದರ ಕೆಳಗೆ ನನ್ನ ಹೆಸರು ಬ್ಯಾಡ' ಎಂದರು. ಚಿತ್ರ ಮತ್ತೆ ದೊಡ್ಡದಾಯಿತು, ತಾವು ಮತ್ತೆ ನಿಂತಿರಿ.

ಆದಕಾರಣ ಗುರುವಾರ ಕಂಪ್ಯೂಟರಿನ ಡಬ್ಬವನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಚಳ್ಳಕೆರೆಗೆ ಹೊರಟೆ. ಬಸ್ಸಿನಲ್ಲಿ ಕಂಡಕ್ಟರು, 'ಇದನ್ನ ಮೇಲೆ ಹಾಕ್ತೀರಾ, ತೊಡೆ ಮ್ಯಾಲೆ ಕುಂಡ್ರಿಸ್ಕಂತೀರಾ?' ಎಂದು ವಿಚಾರಿಸಿದರು. ಹಾನಗಲ್ ದಾಟಿ ತಳಕು ಬರುವಷ್ಟರಲ್ಲಿ ತೊಡೆ ಮರಗಟ್ಟಿತು. ತಮ್ಮನ್ನು ಇಷ್ಟು ಹತ್ತಿರದಿಂದ ಹೊತ್ತ ಗ್ರಾಹಕರ ಪಟ್ಟಿ ತಮ್ಮಲ್ಲಿದ್ದರೆ ನನ್ನ ಹೆಸರನ್ನೂ ಸೇರಿಸಬೇಕೆಂದು ವಿನಂತಿ.

ಎಣ್ಣೆ ಮಿಲ್ಲಿನ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೋಪಿ ಡಬ್ಬ ಬಿಚ್ಚಿ, 'ಅಣ್ಣಾ, ಇದರೊಳಗೆ ಹತ್ತಿ ಬೆಳೆದೀರಾ?' ಎಂದು ಕೇಳಿ ಧೂಳು ಊದಿದ. ನಾಲ್ಕು ಜಿಬಿ ಇದ್ದ ರ‍್ಯಾಮನ್ನು ಎಂಟು ಮಾಡಿದ, ತಿರುಗುವ ಹಳೆಯ ಡಿಸ್ಕ್ ಜಾಗದಲ್ಲಿ ತಿರುಗದ ಹೊಸ ಡಿಸ್ಕ್ ಹಾಕಿದ, ತಮ್ಮನ್ನು ಅದರ ಮೇಲೆ ಹೊಸದಾಗಿ ಕೂರಿಸಿದ. ಆಮೇಲೆ, 'ಆ ಫೈಲ್ ತೋರಿಸಿ, ಯಾಕೆ ನಿಲ್ತೈತೆ ನೋಡ್ತೀನಿ' ಎಂದ. ತಂದಿರಲಿಲ್ಲ. ಮಗ್ಗದ ಮೇಲಿರುವ ಸೀರೆಯನ್ನು ಹೊರಗಿನವರಿಗೆ ತೋರಿಸುವ ರೂಢಿ ನಮ್ಮ ಮನೆಯಲ್ಲಿಲ್ಲ, ಚಿತ್ರವಿನ್ನೂ ಮುಗಿದಿಲ್ಲವೆಂದು ತಾಯಿ ಅದಿದ್ದ ಪೆನ್‌ಡ್ರೈವನ್ನು ಕುಂಕುಮದ ಡಬ್ಬಿಯಲ್ಲಿಟ್ಟು ಮುಚ್ಚಿದ್ದರು. ಗೋಪಿ, 'ಡಾಕ್ಟ್ರ ಹತ್ರ ಬಂದು ರೋಗಿನ ಮನೇಲಿ ಬಿಟ್ಟು ಬಂದೀನಿ ಅಂದಂಗಾತು' ಎಂದ.

ಅಂದಿನಿಂದ ತಾವು ಇಪ್ಪತ್ತು ಸೆಕೆಂಡಿನಲ್ಲಿ ಕಣ್ಣು ಬಿಡತೊಡಗಿದಿರಿ. ಇದನ್ನು ಕಂಡು ಆಸೆಯಾಗಿ, ಕಂಪ್ಯೂಟರಿನ ನೆನಪಿನಲ್ಲಿ ತಮಗೆ ಶೇಕಡ ಎಷ್ಟು ಪಾಲು ಬೇಕೆಂಬ ಕಡೆ ಗೋಪಿ ಎಪ್ಪತ್ತಕ್ಕೆ ನಿಲ್ಲಿಸಿದ್ದನ್ನು ನಾನು ನೂರಕ್ಕೆ ಏರಿಸಿದೆ. ತಾವು ಬಂದ ಅತಿಥಿ ಎಂದು ಪೂರ್ತಿ ಅಡುಗೆಮನೆಯನ್ನೇ ಬಿಟ್ಟುಕೊಟ್ಟಂತಾಯಿತು. ತಾವು ಎಲ್ಲವನ್ನೂ ಉಂಡು, ಮೌಸಿನ ಬಾಣ ಅಲ್ಲಾಡಲೂ ಒಂದು ತುತ್ತು ಉಳಿಸಲಿಲ್ಲ. ಮತ್ತೆ ಎಪ್ಪತ್ತಕ್ಕೆ ಇಳಿಸಿದೆ. ಶುಕ್ರವಾರ ಮಧ್ಯಾಹ್ನ ಕೊನೆಯ ನವಿಲು ಸರಿಯಾಯಿತು. ಮೂರು ಗಂಟೆ ಹದಿನೆಂಟು ನಿಮಿಷಕ್ಕೆ 'ಉಳಿಸು' ಒತ್ತಿದೆ. ಮೂರು ನಲವತ್ತಾರಕ್ಕೆ ತಾವು 'ಪ್ರತಿಕ್ರಿಯಿಸುತ್ತಿಲ್ಲ' ಎಂದು ಪರದೆಯ ಮೇಲೆ ಬರೆದುಕೊಂಡಿರಿ. ಪ್ರತಿಕ್ರಿಯಿಸುತ್ತಿಲ್ಲ ಎಂದು ತಾವೇ ಪ್ರತಿಕ್ರಿಯಿಸಿದ ತಮ್ಮ ಪ್ರಾಮಾಣಿಕತೆಗೆ ಮೆಚ್ಚುಗೆ ಸೂಚಿಸಲು ಆಗ ಮನಸ್ಸು ಬರಲಿಲ್ಲ, ಈಗ ಸೂಚಿಸುತ್ತಿದ್ದೇನೆ.

ಗೋಪಿಗೆ ಫೋನು ಹಚ್ಚಿದೆ. ಎಷ್ಟು ಪದರ ಎಂದ, ಹೇಳಿದೆ. ಎಷ್ಟು ಹೆಜ್ಜೆ ಎಂದ, ಅದನ್ನೂ ಹೇಳಿದೆ. ಆ ಕಡೆಯಿಂದ 'ಯಾಕಣ್ಣಾ?' ಎಂದಷ್ಟೇ ಬಂತು. ಎಲ್ಲ ಪದರಗಳನ್ನೂ ಒಂದು ಮಾಡಿಬಿಟ್ಟರೆ ಹಗುರಾಗುತ್ತದೆ, ಆದರೆ ಆಮೇಲೆ ಯಾವ ನವಿಲನ್ನೂ ಬೇರೆಯಾಗಿ ತಿದ್ದಲಾಗದು, ಹಿಂದಕ್ಕೂ ಹೋಗಲಾಗದು ಎಂದು ವಿವರಿಸಿದ. ನನಗೆ ಧೈರ್ಯವಾಗಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದ ತಾಯಿ ಇದನ್ನೆಲ್ಲ ಕೇಳಿಸಿಕೊಂಡು, 'ಸೀರೆ ಮುಗಿದೈತಾ?' ಎಂದರು.

'ಮುಗಿದೈತೆ ಅವ್ವ.'

'ತಪ್ಪೇನಾದ್ರೂ ಐತಾ?'

'ಇಲ್ಲ.'

'ಮತ್ತೆ ಇನ್ನೂ ಮಗ್ಗದ ಮ್ಯಾಲೆ ಯಾಕಲೇ ಇಟ್ಕಂಡು ಕುಂತೀಯ? ಮುಗಿದ ಸೀರೆ ಬಿಚ್ಚೋಕಲ್ಲ, ಕೊಯ್ದು ಇಳಿಸೋಕೆ. ಕೋಸೇಯ್ ರಾ.'

ಗಟ್ಟಿ ಅಪ್ಪಣೆ ಕೊಡುವಾಗ ಅವರಿಗೆ ತೆಲುಗೇ ಬರುತ್ತದೆ, ಕೊಯ್ದುಬಿಡು ಎಂದರ್ಥ. ತಮ್ಮನ್ನು ಬಲವಂತವಾಗಿ ಮುಚ್ಚಿ, ಮತ್ತೆ ತೆರೆದು, ತಾವಾಗಿಯೇ ಬಚ್ಚಿಟ್ಟುಕೊಂಡಿದ್ದ ಪ್ರತಿಯಲ್ಲಿ ನವಿಲುಗಳೆಲ್ಲ ಇರುವುದನ್ನು ಎಣಿಸಿ, ಹೆಜ್ಜೆಗಳನ್ನು ಸಾವಿರದಿಂದ ಇಪ್ಪತ್ತಕ್ಕೆ ಇಳಿಸಿ, ಪದರಗಳನ್ನೆಲ್ಲ ಒಂದು ಮಾಡಿದೆ. ಚಿತ್ರ ಒಂಬತ್ತು ಸೆಕೆಂಡಿನಲ್ಲಿ ಉಳಿಯಿತು. ಇಪ್ಪತ್ಮೂರು ನಿಮಿಷಕ್ಕೆ ಒಗ್ಗಿಹೋಗಿದ್ದ ಚೌಡೇಶ್ವರಿ ಒಲೆಯ ಕಡೆ ಹೊರಟಿದ್ದವಳು ಅರ್ಧದಲ್ಲಿ ನಿಂತಳು. ನಾಲ್ಕು ಗಂಟೆ ಮೂವತ್ತೆಂಟಕ್ಕೆ, ತಾಯಿಯ ಹೆಸರು ತುಂಬಿದ ಅರ್ಜಿಯ ಜೊತೆ ಚಿತ್ರ ಹೋಯಿತು.

ಇಲ್ಲಿಗೆ ದೂರು ಮುಗಿಯಬೇಕಿತ್ತು. ಹನ್ನೆರಡು ದಿನಗಳ ಮೇಲೆ ಪುಸ್ತಕದ ಕರಡು ಪುಟ ನೋಡಲು ಬಂತು. ಕುಟ್ಟು ಒಂದೊಂದು ಎಳೆಯಾಗಿ ಕಾಣುತ್ತಿತ್ತು. ಅದರ ಕೆಳಗೆ ಹೀಗೆ ಅಚ್ಚಾಗಿತ್ತು: 'ನೇಯ್ದವರು: ಅಡ್ಮಿನ್, ಮೊಳಕಾಲ್ಮೂರು.'

ವಿಚಾರಣೆಯಿಂದ ತಿಳಿದುಬಂದದ್ದೇನೆಂದರೆ, ಗೋಪಿ ಹೊಸ ಡಿಸ್ಕ್ ಹಾಕುವಾಗ ಕಂಪ್ಯೂಟರಿನ ಯಜಮಾನರ ಹೆಸರು ಕೇಳಿದಲ್ಲಿ ಎಲ್ಲರಿಗೂ ಬರೆಯುವಂತೆ ಅಡ್ಮಿನ್ ಎಂದು ಬರೆದಿದ್ದ. ತಾವು ಅದನ್ನು ಚಿತ್ರ ಮಾಡಿದವರ ಹೆಸರೆಂದು ಚಿತ್ರದೊಳಗೇ ಸದ್ದಿಲ್ಲದೆ ಅಂಟಿಸಿದಿರಿ. ಪುಟ ಜೋಡಿಸಿದವರು ನಾನು ಕಳಿಸಿದ ಅರ್ಜಿಯನ್ನು ತೆರೆಯದೆ ತಮ್ಮನ್ನೇ ನಂಬಿದರು. ಮೂರು ದಿನ ಕಾಡಿದ ತಾವು ಈ ಕೆಲಸವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿದ್ದೀರಿ. ಕರಡನ್ನು ಓದಿ ಹೇಳಿದಾಗ ತಾಯಿ, 'ಅಡ್ಮಿನ್ ಅಂದ್ರೆ ಯಾರು? ನಮ್ಮ ಬೀದಿಯೋನಾ?' ಎಂದರು. ಚೌಡೇಶ್ವರಿ, 'ನಿಮ್ಮ ಮಗನ್ನೇ ಕೇಳ್ರಿ ಅತ್ತೆ. ಮೂರು ದಿನ ಅವನ ಜೊತೆಗೇ ಕುಂತಿದ್ರು' ಎಂದಳು. ಫೋನಿನಲ್ಲಿ ತಿದ್ದುಪಡಿ ಬರೆದುಕೊಂಡ ಹುಡುಗಿ ಬಹಳ ವಿನಯದಿಂದ, 'ಆಯ್ತು ಸರ್, ದ್ಯಾಮಮ್ಮ ಅಂತ ಹಾಕ್ತೀವಿ. ಅಡ್ಮಿನ್ ಅವರು ಬೇಜಾರು ಮಾಡ್ಕೊಳಲ್ಲ ಅಲ್ವಾ?' ಎಂದು ಕೇಳಿದಳು. ಅವರ ಪರವಾಗಿ ನಾನು ಒಪ್ಪಿಗೆ ಕೊಟ್ಟಿದ್ದೇನೆ. ತಮಗೆ ತಿಳಿದಿರಲಿ.

ಭಾನುವಾರ ಪುಸ್ತಕ ಬಂತು. ಇಪ್ಪತ್ತೇಳನೆಯ ಪುಟ. ತಾಯಿ ಹೆಸರನ್ನು ಒಮ್ಮೆ ಓದಿಸಿಕೊಂಡರು, ಊರು ಹಾಕಿದ್ದಾರೋ ಎಂದು ಕೇಳಿದರು, ಹಾಕಿದ್ದಾರೆ ಎಂದ ಮೇಲೆ ಇನ್ನೊಮ್ಮೆ ಓದಿಸಿಕೊಂಡು ಮಗ್ಗಕ್ಕೆ ಇಳಿದರು. ಇಷ್ಟಕ್ಕೆ ತಾವು ಕಾರಣರಲ್ಲದಿದ್ದರೂ ಕೊನೆಗೆ ಅಡ್ಡ ಬರಲಿಲ್ಲ ಎಂಬ ಕಾರಣಕ್ಕೆ ಕೃತಜ್ಞತೆಗಳು.

ಕಾಯುವ ವಿದ್ಯೆಯನ್ನು ತಮ್ಮಿಂದಲೇ ಕಲಿತ,
ತಮ್ಮ ವಿಶ್ವಾಸಿ,
ಸೂರಪ್ಪ
ಮೊಳಕಾಲ್ಮೂರು

ಮರೆತ ಮಾತು: ಕುಟ್ಟಿನ ಸೀರೆ ನೇಯುವಾಗ ಆ ಬದಿಯ ಅಂಚಿನ ಲಾಳಿ ಹಿಡಿಯಲು ಇನ್ನೊಬ್ಬರು ಬೇಕಾಗುತ್ತಾರೆ, ಚೌಡೇಶ್ವರಿಗೆ ಈ ವಾರ ಕೈನೋವು. ಅಡ್ಮಿನ್ ಎಂಬುವವರು ನೇಯಬಲ್ಲರೆಂದು ತಾವೇ ಲಿಖಿತವಾಗಿ ತಿಳಿಸಿರುವುದರಿಂದ, ಸೋಮವಾರ ಬೆಳಿಗ್ಗೆ ಏಳಕ್ಕೆ ಅವರನ್ನು ಕಳಿಸಿಕೊಡಬೇಕೆಂದು ನನ್ನ ತಾಯಿ ಹೇಳಿಕಳಿಸಿದ್ದಾರೆ. ಎಂಟಕ್ಕೆ ಬಂದರೆ ಮನೆಯೊಳಗೆ ಬಿಡುವುದಿಲ್ಲವಂತೆ.