ಪಾಚಿಗೆ ಮರಳಿದ ಪದಸೂಚಿ

"ಇನ್ನು ಮೇಲೆ ಈ ಮನೇಲಿ ಕಂಪ್ಯೂಟರ್ ಕೆಟ್ಟಿತು ಅನ್ನೋ ಮಾತೇ ಹುಟ್ಟಕೂಡದು!" ಎಂದು ರಸಾಯನಶಾಸ್ತ್ರದ ಮೇಷ್ಟ್ರು ಸೋಮವಾರ ಘೋಷಿಸಿದರು. ನಲವತ್ತೈದು ದಾಟಿದವರು ಒಂದೋ ಬೆನ್ನುನೋವು ಸಾಕುತ್ತಾರೆ, ಇಲ್ಲವೇ ಹೊಸ ವಿದ್ಯೆ ಕಲಿಯುತ್ತಾರೆ. ಮೇಷ್ಟ್ರು ಒಂದೇ ಕುರ್ಚಿಯಲ್ಲಿ ಎರಡನ್ನೂ ಸಂಪಾದಿಸಿದ್ದರು.

"ಏನ್ರೀ ಅದು?" ಹೆಂಡತಿ ಕೇಳಿದರು.

"ವರ್ಚುಯಲ್ ಮಷೀನ್ ಕಣೇ! ನಮ್ಮ ಕಂಪ್ಯೂಟರ್ ಹೊಟ್ಟೆಯೊಳಗೆ ಇನ್ನೂ ಮೂರು ಕಂಪ್ಯೂಟರ್! ಡಬ್ಬ ಇಲ್ಲ, ತಂತಿ ಇಲ್ಲ. ನಿಜಕ್ಕೂ ಇಲ್ಲವೇ ಇಲ್ಲ!"

"ಇಲ್ಲದ್ದನ್ನ ಮಾಡೋಕೆ ಮೂರು ದಿನ ಬೇಕಾಯ್ತಾ?"

ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ಮೌಸ್ ಮುಟ್ಟುವುದು ಈಗ ಅವರ ಘನತೆಗೆ ಕುಂದು. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪಿಸಿದರೆ ಯಂತ್ರಗಳು ಏಳಬೇಕು, ಮಲಗಬೇಕು! ಅದಕ್ಕೂ ಮಿಗಿಲಾದದ್ದು ಸ್ನ್ಯಾಪ್‌ಶಾಟ್. ಇಂದಿನ ಸ್ಥಿತಿಯನ್ನು ಹಾಗೆಯೇ ಕಾಪಿಟ್ಟರೆ, ಮುಂದೆ ಏನೇ ಎಡವಟ್ಟಾದರೂ ಒಂದೇ ಆಜ್ಞೆಗೆ ಯಂತ್ರ ಇಂದಿಗೆ ಮರಳುತ್ತದೆ. ಪವಾಡಗಳನ್ನು ನಂಬದ ಮೇಷ್ಟ್ರು ಇದೊಂದನ್ನು ಮನಸಾರೆ ನಂಬಿದರು.

ಮೂರನೆಯ ಯಂತ್ರವನ್ನು ಹೆಂಡತಿಗೆ ದಯಪಾಲಿಸಿದರು. ಪುಸ್ತಕಗಳಿಗೆ ಪದಸೂಚಿ ತಯಾರಿಸುವುದು ಆಕೆಯ ವೃತ್ತಿ. ಪಾಚಿಯಿಂದ ಹೂಗಿಡದವರೆಗಿನ ಸಸ್ಯಲೋಕದ ಆರುನೂರು ಪುಟಗಳ ಗ್ರಂಥದ ಪದಸೂಚಿ ಶುಕ್ರವಾರ ಸಂಜೆ ಮುದ್ರಣಾಲಯ ಸೇರಬೇಕಿತ್ತು. ಸೋಮವಾರ ನಲವತ್ತನೇ ಪುಟ ಮುಗಿದಾಗ ಮೇಷ್ಟ್ರು ಮೂರೂ ಯಂತ್ರಗಳ ಸ್ನ್ಯಾಪ್‌ಶಾಟ್ ತೆಗೆದರು.

ಪ್ರಯೋಗ ಮುಗಿದೊಡನೆ ಗಾಜಿನ ಪಾತ್ರೆ ತೊಳೆದಿಡುವುದು ಮೇಷ್ಟ್ರ ಇಪ್ಪತ್ತು ವರ್ಷದ ಅಭ್ಯಾಸ. ಶುಕ್ರವಾರ ಬೆಳಿಗ್ಗೆ ಅದೇ ಶಿಸ್ತಿನಿಂದ ಮೂರೂ ಯಂತ್ರಗಳನ್ನು ಒಂದೇ ಆಜ್ಞೆಯಲ್ಲಿ "ತೊಳೆದು" ಸೋಮವಾರದ ಸ್ಥಿತಿಗೆ ಮರಳಿಸಿದರು. ಅರೆಕ್ಷಣದ ಕೆಲಸ!

"ರೀ! ನಿನ್ನೆ ಹೂ ಬಿಡೋ ಗಿಡಗಳವರೆಗೆ ಬಂದಿದ್ದೆ. ಈಗ ಪಾಚಿ ಹತ್ರ ನಿಂತಿದೆ!"

ಕೋಟಿ ಕೋಟಿ ವರ್ಷಗಳ ವಿಕಾಸವನ್ನು ಮೇಷ್ಟ್ರು ಒಂದು ಎಂಟರ್ ಕೀಲಿಯಿಂದ ಅಳಿಸಿದ್ದರು.

"ಯಂತ್ರಕ್ಕೇನೂ ಆಗಿಲ್ಲ ಕಣೇ, ಹೊಸದರ ಹಾಗಿದೆ..."

"ಯಂತ್ರಕ್ಕಾಗಿಲ್ಲ, ನಿಮಗೆ ಆಗುತ್ತೆ. ಮೊದಲು ಫೋನ್ ಮಾಡಿ. ನೀವೇ ಹೇಳಿ."

ಮುದ್ರಣಾಲಯದ ಯಜಮಾನರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. "ಅಲ್ಲ ಸಾರ್, ಯಂತ್ರವೇ ಇಲ್ಲ ಅಂತೀರಿ, ಅದರೊಳಗಿಂದ ಪದಸೂಚಿ ಕಳೆದುಹೋಯ್ತು ಅಂತೀರಿ. ಮೇಡಮ್ಮಿಗೆ ಫೋನ್ ಕೊಡಿ!"

ಮೇಡಮ್ಮಿನ ಮುಖ ನೋಡಿಯೇ ಭಾನುವಾರ ಸಂಜೆಯವರೆಗೆ ಗಡುವು ಸಿಕ್ಕಿತು. ಮೇಷ್ಟ್ರು ರಜೆ ಹಾಕಿ ಪುಟ ತಿರುವಿದರು, ಪದಗಳನ್ನು ಗಟ್ಟಿಯಾಗಿ ಓದಿದರು. ಆಕೆ ಕಾಗದದ ಚೀಟಿಗಳಲ್ಲಿ ಬರೆದುಕೊಂಡರು. ಜರೀಗಿಡದ ಹೊತ್ತಿಗೆ ಗಂಟಲು ಕಟ್ಟಿತು, ದೇವದಾರುವಿನ ಹೊತ್ತಿಗೆ ಸ್ವರವೇ ಹೋಯಿತು. ಭಾನುವಾರ ಮಧ್ಯಾಹ್ನ ಕೊನೆಯ ಚೀಟಿ ಮುಗಿದಾಗ ಹೆಂಡತಿ ಮೊದಲ ಬಾರಿಗೆ ಮೆತ್ತಗೆ ಮಾತಾಡಿದರು.

"ರೀ, ಆ ಹಿಂದಕ್ಕೆ ಹೋಗೋ ವಿದ್ಯೆ ನನಗೂ ಹೇಳ್ಕೊಡ್ತೀರಾ?"

ಮೇಷ್ಟ್ರ ಮುಖ ಅರಳಿತು. "ಅದಕ್ಕೇನಂತೆ!" ಎಂದು ಪಿಸುಗುಟ್ಟಿದರು. "ಎಲ್ಲಿಗೆ ಹೋಗಬೇಕು?"

"ನಮ್ಮ ಮದುವೆ ಹಿಂದಿನ ದಿನಕ್ಕೆ. ಎಂಟರ್ ಮಾತ್ರ ನಾನೇ ಒತ್ತುತ್ತೀನಿ."