ಅತ್ತೆಯ ಚಾಪೆ, ಅಳಿಯನ ಮೋಟರು

ಭಾವಮೈದುನ ತೆಕಾಯ್ ಎದುರು ಬಂದರೆ ಕಬುರೋರೋ ಇಂದಿಗೂ ತೆಂಗಿನ ಮರದ ಹಿಂದೆ ಸರಿದು ನಿಲ್ಲುತ್ತಾನೆ. ಹೆದರಿಕೆಯಿಂದಲ್ಲ, ಸಿಟ್ಟಿನಿಂದ. ಎರಡು ಡಬ್ಬಿ ಎಣ್ಣೆಯ ಸಿಟ್ಟು ಅದು. ಮೂರು ವರ್ಷವಾದರೂ ಆರಿಲ್ಲ.

ದೋಣಿ ಮೋಟರಿನ ಎಣ್ಣೆಯ ಮರ್ಮ ಬಲ್ಲವನು ಇಡೀ ದ್ವೀಪದಲ್ಲಿ ತಾನೊಬ್ಬನೇ ಎಂಬುದು ಕಬುರೋರೋನ ನಂಬಿಕೆ. ಹಳೆಯ ಟೂ-ಸ್ಟ್ರೋಕ್ ಮೋಟರಿಗೆ ಪೆಟ್ರೋಲಿನಲ್ಲೇ ಎಣ್ಣೆ ಕಲಸಿ, ಅಳತೆಯ ಲೋಟ ಮುಟ್ಟದೆ, ಮೂಗಿನಿಂದಲೇ ಹದ ನೋಡಿ ಮೂವತ್ತು ವರ್ಷ ಓಡಿಸಿದ ಮಹಾಶಯ! ಆ ಮುದಿ ಮೋಟರು ಕೊನೆಯುಸಿರೆಳೆದ ಮೇಲೆ ಹೊಸ ಫೋರ್-ಸ್ಟ್ರೋಕ್ ಬಂತು. ಇದರ ಆಚಾರವೇ ಬೇರೆ. ಪೆಟ್ರೋಲಿಗೆ ಎಣ್ಣೆ ಸೋಕುವಂತಿಲ್ಲ, ಎಣ್ಣೆ ಹೊಟ್ಟೆಯೊಳಗೆ ಪ್ರತ್ಯೇಕವಾಗಿ ಇರಬೇಕು, ಮೊದಲ ಇಪ್ಪತ್ತು ಗಂಟೆ ಓಡಿದೊಡನೆ ಅದನ್ನು ಬಸಿದು ಹೊಸದು ಹಾಕಬೇಕು. ಅದಕ್ಕೆಂದೇ ರಾಜಧಾನಿ ತರಾವಾದಿಂದ ಹಡಗಿನಲ್ಲಿ ಸರಿಯಾದ ಎಣ್ಣೆ ಎರಡು ಡಬ್ಬಿ ತರಿಸಿದ್ದ.

ಅಂದು ಮೊಮ್ಮಗಳ ಮೊದಲ ಹುಟ್ಟುಹಬ್ಬ. ಹವಳದ ಬಂಡೆ ಸುತ್ತುವರಿದ ಒಳಗಡಲಿನ ಆಚೆ ದಡದಲ್ಲಿ, ಮಗನ ಊರಿನ ಸಭಾಮನೆಯಲ್ಲಿ, ಮಧ್ಯಾಹ್ನಕ್ಕೆ ಊಟ. ಮಗುವಿನ ಬಾಯಿಗೆ ಮೊದಲ ತುತ್ತು ಇಡಬೇಕಾದವಳು ಮುತ್ತಜ್ಜಿ, ಅಂದರೆ ಕಬುರೋರೋನ ಅತ್ತೆ ನೇಯಿ ಅಕೋಯಾ. ಅವಳನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಭಾರ ಅಳಿಯನದು. ನನ್ನ ಮೋಟರಿರುವಾಗ ಚಿಂತೆಯೇಕೆ ಎಂದು ವಾರದಿಂದ ಊರೆಲ್ಲ ಸಾರಿದ್ದ.

ಬೆಳಿಗ್ಗೆ ಹಳೆಯ ಎಣ್ಣೆ ಬಸಿದು, ಹುಳ ಹಿಡಿಯದಿರಲೆಂದು ಹಂದಿಗೂಡಿನ ಕಂಬಗಳಿಗೆ ಬಳಿದ. ಕೈ ಒರೆಸಿಕೊಂಡು ತಿರುಗಿದರೆ ತೆಕಾಯ್ ಹೊಸ ಡಬ್ಬಿಗಳ ಬೆನ್ನು ಸವರುತ್ತಿದ್ದಾನೆ.

"ಭಾವ, ಬುಬುಸಿ."

ಮುಗಿಯಿತು. ನಂಟರು ಬುಬುಸಿ, ಅಂದರೆ ನನಗೆ ಕೊಡು, ಎಂದು ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಎನ್ನುವ ಗಂಡು ಈ ದ್ವೀಪಗಳಲ್ಲಿ ಹುಟ್ಟಿಲ್ಲ. ಹುಟ್ಟಿದ್ದರೂ ಅವನಿಗೆ ಸಭಾಮನೆಯಲ್ಲಿ ತಲೆಯೆತ್ತಿ ಕೂರುವ ಜಾಗವಿಲ್ಲ.

"ಎರಡೂ ಬೇಕೇನೋ?"

"ಒಂದೇ ಕೇಳಿದ್ರೆ ನಿಮ್ಮನ್ನ ಬಡವ ಅಂದಂಗಾಗುತ್ತಲ್ಲ ಭಾವ. ನನ್ನ ಬೈಕು ಪಾಪ, ಒಣಗಿ ಕೂತಿದೆ."

ಎಣ್ಣೆ ಹೊರಟುಹೋಯಿತು. ಹೆಂಡತಿ ಮರೇಟಾ ಬಾಗಿಲಿಗೆ ಬಂದಳು.

"ಈಗೇನ್ ಮಾಡ್ತೀರಾ?"

"ಹಳೇ ಮೋಟರಿಂದು ಎರಡು ಡಬ್ಬಿ ಉಳಿದಿದೆಯಲ್ಲ, ಅದನ್ನೇ ಹಾಕೋದು."

"ಅದರ ಮೇಲೆ ಟೂ ಅಂತ ಬರೆದಿದೆ. ಮೋಟರ್ ಮೇಲೆ ಫೋರ್ ಅಂತಿದೆ."

"ಎರಡು ಡಬ್ಬಿ ಹಾಕ್ತೀನಿ ಕಣೆ. ಎರಡೂ ಎರಡೂ ಎಷ್ಟು?"

"ನಾಲ್ಕು. ನೀವು ಶಾಲೆ ಬಿಟ್ಟಿದ್ದೂ ನಾಲ್ಕಕ್ಕೇ ಅಲ್ವಾ?"

ಕಬುರೋರೋ ಮೋಟರಿನ ಮುಚ್ಚಳ ತೆಗೆದ. ಎರಡೂ ಡಬ್ಬಿ ಸುರಿದ.

ಅತ್ತೆಯನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ಹೊರಟ. ಒಳಗಡಲಿನ ನಡುವೆ ಮೋಟರು ಕೀರಲು ದನಿ ತೆಗೆಯಿತು, ಕಮಟು ವಾಸನೆ ಬಿಟ್ಟಿತು, ಗಕ್ಕನೆ ನಿಂತಿತು. ಇಳಿತದ ಹೊತ್ತು. ನೀರು ದೋಣಿಯನ್ನು ಮೆಲ್ಲಗೆ ಹವಳದ ಬಂಡೆಯ ಸೀಳಿನ ಕಡೆಗೆ ಎಳೆಯತೊಡಗಿತು. ಆ ಸೀಳಿನಾಚೆ ಬರೀ ಸಾಗರ. ಅಲ್ಲಿಗೆ ಹೋದವರನ್ನು ಊರಿನವರು ವಾರಗಟ್ಟಲೆ ಹುಡುಕುತ್ತಾರೆ. ಸಿಟ್ಟು ನೆತ್ತಿಗೇರಿ ಕಬುರೋರೋ ಮೋಟರಿಗೆ ಒದ್ದ. ಹೆಬ್ಬೆರಳು ಬಾತುಕೊಂಡಿತು, ಮೋಟರಿಗೆ ಏನೂ ಆಗಲಿಲ್ಲ.

ಅತ್ತೆ ಎದ್ದು ಬಂದು ಎಣ್ಣೆ ನೋಡುವ ಕಡ್ಡಿ ಎಳೆದು, ಎರಡು ಬೆರಳಲ್ಲಿ ಉಜ್ಜಿದಳು.

"ಇದು ಉರಿದುಹೋಗೋ ಎಣ್ಣೆ ಅಳಿಯಾ. ಈ ಮೋಟರಿಗೆ ಒಳಗೇ ಉಳ್ಕೊಳ್ಳೋ ಎಣ್ಣೆ ಬೇಕು."

"ನಿಮಗೆ ಹೇಗೆ ಗೊತ್ತತ್ತೆ?"

"ಅರವತ್ತು ವರ್ಷ ಕೊಬ್ಬರಿ ಎಣ್ಣೆ ಕಾಯಿಸಿದ ಬೆರಳಪ್ಪಾ ಇದು. ಸರಿ, ಆ ಜಲ್ಲೆ ಕೊಡು."

ಮಗುವಿಗೆಂದು ನಾಲ್ಕು ತಿಂಗಳು ಕೂತು ಹೆಣೆದ ಚಾಪೆಯ ಸುರುಳಿ ಬಿಚ್ಚಿ, ಜಲ್ಲೆಗೂ ಮೀನುಕೋಲಿಗೂ ಬಿಗಿದಳು. ಮರೇಟಾ ಜಲ್ಲೆ ಹಿಡಿದಳು. ಮುದುಕಿ ಹುಟ್ಟು ಹಿಡಿದು ಹಿಂದೆ ಕೂತು, ಗಾಳಿಗೆ ಕೆನ್ನೆ ಕೊಟ್ಟಳು. ಚಾಪೆ ಹಾಯಿಯಂತೆ ಉಬ್ಬಿತು.

ಆಮೇಲೆ ಕಂಡದ್ದನ್ನು ಹೇಳಲು ಕಬುರೋರೋಗೆ ಇಂದಿಗೂ ಮಾತು ಸಾಲದು. ಆಳವಿಲ್ಲದ ಎಳೆಹಸಿರು ನೀರು ಕಂಡಲ್ಲಿ ಅವಳು ಹುಟ್ಟನ್ನು ಒಂದೇ ಬೆರಳಷ್ಟು ತಿರುಗಿಸುತ್ತಿದ್ದಳು. ದೋಣಿಯ ಹೊಟ್ಟೆಯಡಿ ಹವಳದ ಕೊಂಬೆಗಳು ಒಂದು ಗೇಣು ತಪ್ಪಿಸಿಕೊಂಡು ಹಿಂದೆ ಸರಿಯುತ್ತಿದ್ದವು. ಅಲೆ ಬರುವ ಮೊದಲೇ ಅವಳ ಸೊಂಟಕ್ಕೆ ಅದು ಗೊತ್ತಿತ್ತು. ಇಳಿತ ಒಂದು ಕಡೆ ಎಳೆಯಿತು, ಮುದುಕಿ ಇನ್ನೊಂದು ಕಡೆ ಎಳೆದಳು. ಸೋತದ್ದು ಇಳಿತ. ಸದ್ದಿಲ್ಲ, ಹೊಗೆಯಿಲ್ಲ. ಅಷ್ಟು ದೊಡ್ಡ ಕಡಲು ಈ ಹಲ್ಲಿಲ್ಲದ ಹೆಂಗಸಿನ ಮಾತು ಕೇಳುತ್ತಿರುವುದನ್ನು ನೋಡುತ್ತ ಅವನು ಬಾಯಿ ಮುಚ್ಚುವುದನ್ನೇ ಮರೆತ.

ದಡದಲ್ಲಿ ಜನ ಕಾದು ನಿಂತಿದ್ದರು. ಯಾರೋ ಕೂಗಿದರು: "ಎಣ್ಣೆ ಪಂಡಿತರೇ, ಮೋಟರಿಗೇನಾಯ್ತು?"

ಕಬುರೋರೋನ ತಲೆ ಹೆಗಲೊಳಗೆ ಇಳಿಯುವಷ್ಟರಲ್ಲಿ ಅತ್ತೆ ಅಂದಳು: "ಅದರ ಸದ್ದು ತಡೀಲಾಗ್ಲಿಲ್ಲ. ನಾನೇ ಆರಿಸು ಅಂದೆ." ಒದ್ದೆ ಚಾಪೆಯನ್ನು ಬಿಸಿಲಿಗೆ ಹರವಿ, ಒಳಗೆ ಹೋಗಿ ಮಗುವಿಗೆ ತುತ್ತಿಟ್ಟಳು.

ಅಂದಿನಿಂದ ಅವನು ಅತ್ತೆಯ ಬುಬುಸಿಗೆ ಕಾಯುತ್ತಿದ್ದಾನೆ. ಹಂದಿ ಕೇಳಲಿ, ದೋಣಿ ಕೇಳಲಿ, ಮನೆಯನ್ನೇ ಕೇಳಲಿ, ಕೊಟ್ಟು ಆ ದಿನದ ಋಣದಿಂದ ಹಗುರಾಗಲು ಸಿದ್ಧ. ಅವಳು ಕೇಳಲೊಲ್ಲಳು. ಕಳೆದ ವಾರ ತಾನೇ ಹೋಗಿ ಎದುರು ಕೂತ.

"ಅತ್ತೆ, ಏನಾದ್ರೂ ಕೇಳಿಬಿಡಿ. ಮೂರು ವರ್ಷ ಆಯ್ತು."

ಅವಳು ಹೆಣಿಗೆಯಿಂದ ಕಣ್ಣೆತ್ತಲಿಲ್ಲ.

"ಕೇಳಿದ್ರೆ ಮುಗಿದುಹೋಗುತ್ತಲ್ಲ ಅಳಿಯಾ. ಹೀಗೇ ಇರಲಿ, ಹೇಳಿದ ಮಾತು ಚೆನ್ನಾಗಿ ಕೇಳ್ತಿದೀಯ. ಹೋಗು, ಬಾವಿಯಿಂದ ಎರಡು ಬಕೆಟ್ ನೀರು ತಂದಿಡು."

ಕಬುರೋರೋ ಬಕೆಟ್ ಎತ್ತಿಕೊಂಡ.